ಬರಿಗೈ ಸನ್ಯಾಸಿ, ಟೋಕನ್ ನಂಬರ್ ೪೧೨೭

ರಾಮಪ್ರಸಾದರು ಅರವತ್ತೊಂದನೆಯ ವಯಸ್ಸಿನಲ್ಲಿ ಸನ್ಯಾಸಿಯಾದ ಸುದ್ದಿ ಅವರ ಹೆಂಡತಿ ಅಮ್ಮಣ್ಣಿಗೆ ಗೊತ್ತಾದದ್ದು ಲಿಫ್ಟಿನಲ್ಲಿ. ಬಿ ಬ್ಲಾಕಿನ ಹೆಂಗಸೊಬ್ಬರು, "ಅಂಕಲ್ ಸನ್ಯಾಸಿ ಆದ್ಮೇಲೆ ಸಕ್ಕತ್ ಸ್ಟ್ರಾಂಗ್ ಆಗ್ಬಿಟ್ರಂತೆ ಆಂಟಿ, ನಮ್ಮನೆಯೋರು ಹೇಳ್ತಿದ್ರು. ಒಂದೇ ಏಟಿಗೆ ಆರು ಜನ ಬಿದ್ರಂತೆ" ಎಂದರು. ಅಮ್ಮಣ್ಣಿ ಕೈಯಲ್ಲಿದ್ದ ಕೊತ್ತಂಬರಿ ಕಟ್ಟನ್ನು ಎದೆಗವಚಿಕೊಂಡು ಐದನೆಯ ಮಹಡಿಯಲ್ಲಿ ಇಳಿದರು. ಮನೆಗೆ ಬಂದು ನೋಡಿದರೆ ಗಂಡ ಬನಿಯನ್ ಹಾಕಿಕೊಂಡು ಊಟದ ಮೇಜಿನ ಮುಂದೆ ಕುಳಿತು, ದಪ್ಪ ಪುಸ್ತಕವೊಂದಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದರು.

"ರೀ, ಏನ್ರೀ ಇದು? ಸನ್ಯಾಸ ತಗೊಂಡ್ರಂತೆ?"

"ಆಟದಲ್ಲಿ ಕಣೆ" ಎಂದರು ರಾಮಪ್ರಸಾದರು ತಲೆ ಎತ್ತದೆ. "ಅದೂ ನಾನಾಗಿ ತಗೊಂಡಿದ್ದಲ್ಲ. ಅಲಾಟ್ ಆಗಿದ್ದು."

"ಮನೇಲೂ ಅದೇ ತಾನೇ ಇಷ್ಟು ವರ್ಷ ಮಾಡಿದ್ದು" ಎಂದು ಅಮ್ಮಣ್ಣಿ ಒಳಗೆ ಹೋದರು.

ರಾಮಪ್ರಸಾದರು ಮೂವತ್ತಮೂರು ವರ್ಷ ಪೀಣ್ಯದ ಕಡೆಯ ಸರ್ಕಾರಿ ಕಾರ್ಖಾನೆಯೊಂದರ ಇನ್ಸ್‌ಪೆಕ್ಷನ್ ವಿಭಾಗದಲ್ಲಿ ದುಡಿದವರು. ಕೊನೆಯ ಹತ್ತು ವರ್ಷ ಕಾರ್ಮಿಕ ಸಂಘದ ಜಂಟಿ ಕಾರ್ಯದರ್ಶಿ. ಅವರು ಭಾಷಣಗಾರರಲ್ಲ, ಘೋಷಣೆ ಕೂಗಿದರೆ ಗಂಟಲು ಕಟ್ಟುತ್ತಿತ್ತು. ಅವರಿಗಿದ್ದ ಶಕ್ತಿ ಒಂದೇ: ಯಾರೂ ಓದದ್ದನ್ನು ಓದುವುದು. ಇನ್ಸ್‌ಪೆಕ್ಷನ್ ವಿಭಾಗದವರು ಎಂಟು ಗಂಟೆ ನಿಂತೇ ಕೆಲಸ ಮಾಡುತ್ತಿದ್ದ ಕಾಲದಲ್ಲಿ, ಕಾರ್ಖಾನೆಯ ಸೇವಾನಿಯಮಗಳ ಪುಸ್ತಕವಾದ ಸ್ಟ್ಯಾಂಡಿಂಗ್ ಆರ್ಡರಿನ ಹಳೆಯ ಪ್ರತಿ ಹುಡುಕಿ, ಅದರ ಹದಿನಾಲ್ಕನೆಯ ಕಲಮಿನಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ನಿಲ್ಲುವವರಿಗೆ ಸ್ಟೂಲು ಕೊಡತಕ್ಕದ್ದು ಎಂದಿರುವುದನ್ನು ತೋರಿಸಿದರು. ನಲವತ್ತೆರಡು ಸ್ಟೂಲು ಬಂದವು. ಸ್ಟ್ಯಾಂಡಿಂಗ್ ಆರ್ಡರ್ ಓದಿ ಕೂರಿಸಿದ ಮನುಷ್ಯ ಎಂದು ದಾಸರಹಳ್ಳಿಯ ಹಳೆಯ ಕಾರ್ಮಿಕರು ಈಗಲೂ ನಗುತ್ತಾರೆ.

ನಿವೃತ್ತಿಯಾದ ಮೇಲೆ ಮಗಳು ಸುಕೃತಿ, ಅಳಿಯ ಆಕರ್ಷ್ ಸೇರಿ ಅವರಿಬ್ಬರನ್ನೂ ವೈಟ್‌ಫೀಲ್ಡ್ ಹತ್ತಿರದ ಹೂಡಿಯ ತಮ್ಮ ಫ್ಲ್ಯಾಟಿಗೆ ಕರೆಸಿಕೊಂಡರು. ಅಪಾರ್ಟ್‌ಮೆಂಟಿನ ಹೆಸರು ಪ್ರೊವಾನ್ಸ್ ಕೋರ್ಟ್. ಅದು ಫ್ರಾನ್ಸಿನ ಯಾವುದೋ ಸೀಮೆಯ ಹೆಸರಂತೆ. ಆಟೋದವರು ಪ್ರಾವಿಷನ್ ಕೋರ್ಟ್ ಎನ್ನುತ್ತಾರೆ, ಒಳಗೆ ದಿನಸಿ ಅಂಗಡಿ ಇದೆ ಎಂದೇ ಬಹಳ ಜನ ನಂಬಿದ್ದಾರೆ. ಅಲ್ಲಿ ರಾಮಪ್ರಸಾದರು ಮೊದಲ ಆರು ತಿಂಗಳು ಓದಿದ್ದು ಫಲಕಗಳನ್ನು. ಹುಲ್ಲಿನ ಮೇಲೆ ನಡೆಯಬಾರದು. ಕಾರಂಜಿಯ ಕಟ್ಟೆಯ ಮೇಲೆ ಕೂರಬಾರದು. ಕ್ಲಬ್‌ಹೌಸಿಗೆ ಬರುವ ಮುನ್ನ ಆ್ಯಪಿನಲ್ಲಿ ಬುಕ್ ಮಾಡತಕ್ಕದ್ದು. ಎಲ್ಲದರ ಕೆಳಗೂ ನಿವಾಸಿಗಳ ಸಂಘದ ಕಾರ್ಯದರ್ಶಿ ಋಷಿಕೇಶ್ ಅವರ ಹೆಸರು.

ಋಷಿಕೇಶ್ ನಲವತ್ತೊಂದರ ಗಟ್ಟಿಮುಟ್ಟಾದ ಆಸಾಮಿ. ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಇನ್ನೂರು ಜನರ ಮೇಲೆ ಮುಖ್ಯಸ್ಥ. ಕುತ್ತಿಗೆಯಲ್ಲಿ ಸದಾ ಕಂಪನಿಯ ಗುರುತಿನ ಚೀಟಿ ತೂಗುವ ಪಟ್ಟಿ. ಭಾನುವಾರ ಹಾಲು ತರಲು ಹೋಗುವಾಗಲೂ ಅದು ಜೋತಾಡುತ್ತಿತ್ತು.

ಪ್ರತಿ ಶನಿವಾರ ಮಧ್ಯಾಹ್ನ ಮೂರಕ್ಕೆ ಕ್ಲಬ್‌ಹೌಸಿನಲ್ಲಿ ಋಷಿಕೇಶ್, ಆಕರ್ಷ್ ಮೊದಲಾದವರ ಒಂದು ಗುಂಪು ಸೇರುತ್ತಿತ್ತು. ಮೇಜಿನ ಸುತ್ತ ಕುಳಿತು ಆಡುವ ಆಟ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಆ ಕಥೆಯೊಳಗೆ ಹೋಗುತ್ತಾರೆ. ಒಬ್ಬ ಮಂತ್ರವಾದಿ, ಒಬ್ಬಳು ಬೇಟೆಗಾತಿ, ಹೀಗೆ. ಏನು ಮಾಡುತ್ತೇನೆಂದು ಬಾಯಲ್ಲಿ ಹೇಳಿ ದಾಳ ಉರುಳಿಸಬೇಕು. ಏಟು ಬಿತ್ತೋ ತಪ್ಪಿತೋ ದಾಳ ಹೇಳುತ್ತದೆ. ಕಥೆ ನಡೆಸುತ್ತಿದ್ದವಳು ಶ್ರೀರಂಜನಿ, ಮೂವತ್ತರ ಹುಡುಗಿ. ಯಂತ್ರಗಳಿಗೆ ಬಳಕೆದಾರರ ಕೈಪಿಡಿ ಬರೆಯುವುದು ಅವಳ ಕೆಲಸ. ತಾನು ಬರೆದದ್ದನ್ನು ಈವರೆಗೆ ಒಬ್ಬರೂ ಓದಿಲ್ಲ ಎಂಬ ದುಃಖ ಅವಳಿಗಿತ್ತು.

ಒಂದು ಶನಿವಾರ ಆಟದ ಮಧ್ಯೆ ಆಕರ್ಷ್‌ಗೆ ಆಫೀಸಿನಿಂದ ಕರೆ ಬಂತು. ಎಲ್ಲೋ ಸರ್ವರ್ ಕುಸಿದಿತ್ತು. "ಮಾವ, ಅರ್ಧ ಗಂಟೆ ನನ್ ಜಾಗದಲ್ಲಿ ಕೂತ್ಕೊಳ್ಳಿ, ದಾಳ ಉರುಳಿಸಿದ್ರೆ ಸಾಕು" ಎಂದು ಮನೆಯಲ್ಲಿದ್ದ ರಾಮಪ್ರಸಾದರಿಗೆ ಫೋನಿನಲ್ಲಿ ಹೇಳಿ ಓಡಿದ. ಸರ್ವರ್ ಮೇಲೇಳಲು ಎರಡು ದಿನ ಬೇಕಾಯಿತು. ರಾಮಪ್ರಸಾದರಿಗೆ ಆಟದ ಮೇಜಿನ ಮುಂದೆ ಎರಡು ಗಂಟೆ ಹೇಗೆ ಕಳೆಯಿತೆಂದೇ ತಿಳಿಯಲಿಲ್ಲ. ಮುಂದಿನ ವಾರ ತಮಗೇ ಒಂದು ಪಾತ್ರ ಬೇಕೆಂದು ಕೇಳಿದರು.

"ಖಾಲಿ ಇರೋದು ಮಾಂಕ್ ಒಂದೇ ಅಂಕಲ್" ಎಂದ ಋಷಿಕೇಶ್. "ಸನ್ಯಾಸಿ. ಕವಚ ಹಾಕೋ ಹಾಗಿಲ್ಲ, ಕತ್ತಿ ಇಲ್ಲ, ಬರಿಗೈಲಿ ಹೊಡೀಬೇಕು. ಅದಕ್ಕೇ ಯಾರೂ ತಗೊಳಲ್ಲ. ಮೊದ್ಲು ಆಡ್ತಿದ್ದವನು ಪುಣೆಗೆ ಹೋಗ್ಬಿಟ್ಟ. ನಿಮಗೆ ಟೈಂ ಪಾಸ್ ತಾನೇ?"

ಋಷಿಕೇಶನ ಪಾತ್ರ ಯೋಧನದು. ಹೆಸರು ವಜ್ರಬಾಹು. ನಖಶಿಖಾಂತ ಉಕ್ಕಿನ ಕವಚ, ಆಳುದ್ದದ ಮಂತ್ರಖಡ್ಗ, ಏಟು ತಡೆದುಕೊಳ್ಳಲು ಎಲ್ಲರಿಗಿಂತ ಹೆಚ್ಚು ಆಯಸ್ಸು. ರಾಮಪ್ರಸಾದರು ತಮ್ಮ ಸನ್ಯಾಸಿಗೆ ಲಕ್ಷ್ಮಣಪ್ಪ ಎಂದು ಹೆಸರಿಟ್ಟರು. ಲಕ್ಷ್ಮಣಪ್ಪ ಅವರ ಕಾರ್ಖಾನೆಯ ಹಳೆಯ ಫಿಟ್ಟರ್. ಅಳತೆಯ ಸಾಧನ ಮುಟ್ಟದೆ, ಉಕ್ಕಿನ ದಂಡದ ಮೇಲೆ ಬರಿಯ ಅಂಗೈ ಸವರಿ, ಕೂದಲೆಳೆಯಷ್ಟು ಓರೆ ಇದ್ದರೂ ಹೇಳುತ್ತಿದ್ದ. ಹೆಸರಿನ ಪಕ್ಕದಲ್ಲಿ ಕಾರ್ಖಾನೆಯ ಹಾಜರಿಪುಸ್ತಕದಲ್ಲಿದ್ದ ಅವನ ಟೋಕನ್ ನಂಬರನ್ನೂ ಬರೆದರು: ೪೧೨೭. ಶ್ರೀರಂಜನಿ ನಗಲಿಲ್ಲ. ಉಳಿದವರು ನಕ್ಕರು.

ನಿಯಮಪುಸ್ತಕ ಮುನ್ನೂರ ಇಪ್ಪತ್ತು ಪುಟದ್ದು. ರಾಮಪ್ರಸಾದರು ಅದನ್ನು ಹೂಡಿ ಸರ್ಕಲ್ಲಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರತಿ ಮಾಡಿಸಿ, ಸ್ಪೈರಲ್ ಬೈಂಡ್ ಹಾಕಿಸಿ, ನಾಲ್ಕು ದಿನದಲ್ಲಿ ಓದಿ ಮುಗಿಸಿದರು. ಓದುತ್ತಾ ಹೋದಂತೆ ಅವರಿಗೆ ಕಾರ್ಮಿಕ ಸಂಘದ ದಿನಗಳ ಬಿಸಿ ಏರಿತು. ಈ ಸನ್ಯಾಸಿಗೆ ಎಷ್ಟೊಂದು ಸವಲತ್ತುಗಳಿವೆ! ಯೋಧ ಒಮ್ಮೆ ಹೊಡೆಯುವಷ್ಟರಲ್ಲಿ ಇವನು ಎರಡು ಬಾರಿ ಹೊಡೆಯಬಹುದು. ಯೋಧನ ಎರಡರಷ್ಟು ವೇಗದಲ್ಲಿ ಓಡಬಹುದು. ಬರುವ ಬಾಣವನ್ನು ಗಾಳಿಯಲ್ಲೇ ಹಿಡಿಯಬಹುದು. ಗೋಡೆಯಿಂದ ಬಿದ್ದರೆ ಮೂಳೆ ಮುರಿಯುವುದಿಲ್ಲ, ವಿಷ ತಟ್ಟುವುದಿಲ್ಲ. ಸರಿಯಾದ ಜಾಗದಲ್ಲಿ ತಟ್ಟಿದರೆ ಎದುರಾಳಿ ಒಂದು ಸುತ್ತು ಸ್ತಬ್ಧ. ಯಾರೂ ಇದನ್ನು ಕ್ಲೈಮ್ ಮಾಡಿಲ್ಲ, ಅಷ್ಟೇ.

ಮೂರನೆಯ ಶನಿವಾರ ಕಥೆಯಲ್ಲಿ ಪ್ರಯಾಣಿಕರು ಬೆಟ್ಟದ ಬುಡದಲ್ಲಿ ತಂಗಿದ್ದರು. ನಸುಕಿನಲ್ಲಿ ಆರು ಮಂದಿ ಕಳ್ಳರು ಮೇಲೆ ಬಿದ್ದರು ಎಂದಳು ಶ್ರೀರಂಜನಿ.

"ವಜ್ರಬಾಹು ಕತ್ತಿ ಎತ್ತಿ ನುಗ್ತಾನೆ!" ಎಂದು ಋಷಿಕೇಶ್ ದಾಳ ಕೈಗೆತ್ತಿಕೊಂಡ.

ರಾಮಪ್ರಸಾದರು ಸಭೆಯಲ್ಲಿ ಎತ್ತುವಂತೆ ಬಲಗೈ ಎತ್ತಿದರು. "ಒಂದು ಕ್ಲಾರಿಫಿಕೇಶನ್ ಮೇಡಂ. ವಜ್ರಬಾಹು ಅವರು ಮಲಗಿದ್ರಲ್ವಾ? ಕವಚ ಹಾಕ್ಕೊಂಡು ಮಲಗಿದ್ರಾ, ಬಿಚ್ಚಿ ಮಲಗಿದ್ರಾ?"

"ಅಂಕಲ್, ಅಷ್ಟೆಲ್ಲಾ ಡೀಟೇಲ್ ಯಾರ್ ನೋಡ್ತಾರೆ?"

"ಪುಟ ನೂರ ನಲವತ್ತಾರು, ಎರಡನೇ ಪ್ಯಾರಾ. ಹಾಕ್ಕೊಂಡು ಮಲಗಿದ್ರೆ ಬೆಳಗ್ಗೆ ಅರ್ಧ ಶಕ್ತಿ. ಬಿಚ್ಚಿ ಮಲಗಿದ್ರೆ ಮತ್ತೆ ಹಾಕ್ಕೊಳ್ಳೋಕೆ ಹತ್ತು ನಿಮಿಷ."

ಶ್ರೀರಂಜನಿ ಪುಟ ತಿರುಗಿಸಿದಳು. ಅವಳ ಮುಖದಲ್ಲಿ ಬೆಳಕು ಬಂದಿತ್ತು. "ಇದೆ" ಎಂದಳು.

"ಸರಿ, ಬಿಚ್ಚಿ ಮಲಗಿದ್ದೆ ಅಂತ ಇಟ್ಕೊಳ್ಳಿ" ಎಂದ ಋಷಿಕೇಶ್ ಉದಾಸೀನವಾಗಿ.

"ಆಟದಲ್ಲಿ ಒಂದು ಸುತ್ತಿಗೆ ಆರು ಸೆಕೆಂಡು. ಹತ್ತು ನಿಮಿಷ ಅಂದ್ರೆ ನೂರು ಸುತ್ತು" ಎಂದರು ರಾಮಪ್ರಸಾದರು. "ನಿಧಾನವಾಗಿ ಹಾಕ್ಕೊಳ್ಳಿ ಸಾರ್. ಅಲ್ಲೀವರೆಗೂ ನಮ್ ಲಕ್ಷ್ಮಣಪ್ಪ ನೋಡ್ಕೋತಾನೆ."

ಆರು ಜನರನ್ನು ಕೆಡವಲು ಲಕ್ಷ್ಮಣಪ್ಪನಿಗೆ ನಾಲ್ಕು ಸುತ್ತು ಬೇಕಾಯಿತು. ಸುದ್ದಿ ಬಿ ಬ್ಲಾಕಿಗೆ ತಲುಪುವಾಗ ಅದು ಒಂದೇ ಏಟಾಗಿತ್ತು. ವಜ್ರಬಾಹು ಅಷ್ಟರಲ್ಲಿ ಎಡಗಾಲಿನ ಪಟ್ಟಿ ಕಟ್ಟುತ್ತಿದ್ದ.

ಅಲ್ಲಿಂದ ಋಷಿಕೇಶನ ದೆಸೆ ಕೆಟ್ಟಿತು. ಮುಂದಿನ ವಾರ ನದಿ ಅಡ್ಡ ಬಂತು. ಕವಚದ ತೂಕಕ್ಕೆ ವಜ್ರಬಾಹು ಮುಳುಗಿದ. ಲಕ್ಷ್ಮಣಪ್ಪ ಅವನ ಜುಟ್ಟು ಹಿಡಿದು ದಡಕ್ಕೆಳೆದ. ಅದರ ಮುಂದಿನ ವಾರ ರಾಜನ ಅರಮನೆ. ಬಾಗಿಲಲ್ಲಿ ಆಯುಧಗಳನ್ನೆಲ್ಲ ಒಪ್ಪಿಸಿ ಚೀಟಿ ಪಡೆಯಬೇಕು ಎಂದಳು ಶ್ರೀರಂಜನಿ. ಒಳಗೆ ರಾಜನೇ ಮೋಸಗಾರನೆಂದು ಗೊತ್ತಾದಾಗ ವಜ್ರಬಾಹುವಿನ ಕೈಯಲ್ಲಿ ಚೀಟಿ ಮಾತ್ರ ಇತ್ತು. ಲಕ್ಷ್ಮಣಪ್ಪ ಬಾಗಿಲಲ್ಲಿ ಒಪ್ಪಿಸಿದ್ದು ಏನೂ ಇರಲಿಲ್ಲವಾದ್ದರಿಂದ ಅವನಿಗೆ ಕಡಿಮೆಯಾದದ್ದೂ ಏನೂ ಇರಲಿಲ್ಲ.

ಸೋಮವಾರ ಬೆಳಗ್ಗೆ ಗುಂಪಿಗೆ ಋಷಿಕೇಶನಿಂದ ಒಂದು ಮೇಲ್ ಬಂತು. ವಿಷಯ: ಜೆಂಟಲ್ ರಿಮೈಂಡರ್. ಸನ್ಯಾಸಿಯ ಸಾಧನೆ ತಂಡದ ಸರಾಸರಿಗಿಂತ ಅತಿಯಾಗಿದೆ. ಎಲ್ಲರೂ ಒಂದೇ ತಂಡವಾದ್ದರಿಂದ ಅವನ ಶಕ್ತಿಗಳನ್ನು ನಾರ್ಮಲೈಸ್ ಮಾಡಬೇಕು, ಅಂದರೆ ಸರಾಸರಿಗೆ ಇಳಿಸಬೇಕು. ಅವನ ಎರಡು ಏಟುಗಳಲ್ಲಿ ಒಂದನ್ನು ಯೋಧನಿಗೆ ವರ್ಗಾಯಿಸಬಹುದು. ಮೂರು ಬಣ್ಣದ ನಕ್ಷೆಯೂ ಜೊತೆಗಿತ್ತು. ರಾಮಪ್ರಸಾದರು ಉತ್ತರವಾಗಿ ಫುಲ್‌ಸ್ಕೇಪ್ ಹಾಳೆಯಲ್ಲಿ ಒಂಬತ್ತು ಅಂಶಗಳ ಬೇಡಿಕೆಪಟ್ಟಿ ಬರೆದು, ಫೋಟೋ ತೆಗೆಸಿ ಕಳಿಸಿದರು. ಮೊದಲನೆಯ ಅಂಶ: ಇರುವ ಸವಲತ್ತನ್ನು ಕಸಿಯುವಂತಿಲ್ಲ.

ಶ್ರೀರಂಜನಿ ಸಂಧಾನ ಮಾಡಿದಳು. ಇಬ್ಬರೂ ಒಂದು ಬಯಲಿನಲ್ಲಿ ಮುಖಾಮುಖಿ ಹೋರಾಡಲಿ. ಯೋಧ ಗೆದ್ದರೆ ಇನ್ನು ಮುಂದೆ ಸನ್ಯಾಸಿಗೆ ಸುತ್ತಿಗೆ ಒಂದೇ ಏಟು.

ಆ ದಿನ ಕ್ಲಬ್‌ಹೌಸಿನಲ್ಲಿ ಇಪ್ಪತ್ತು ಜನ ಸೇರಿದ್ದರು. ಅಮ್ಮಣ್ಣಿಯೂ ಕೋಡುಬಳೆ ಡಬ್ಬಿ ಹಿಡಿದು ಬಂದಿದ್ದರು. ಲಕ್ಷ್ಮಣಪ್ಪ ಚೆನ್ನಾಗಿಯೇ ಕಾದಿದ. ಸುತ್ತ ಓಡಿದ, ಎರಡು ಸಲ ಸ್ತಬ್ಧಗೊಳಿಸಿದ. ಆದರೆ ವಜ್ರಬಾಹುವಿನ ಆಯಸ್ಸು ಮುಗಿಯುವಂತೆಯೇ ಕಾಣಲಿಲ್ಲ. ಒಂಬತ್ತನೆಯ ಸುತ್ತಿನಲ್ಲಿ ಖಡ್ಗದ ಏಟು ಬಿತ್ತು, ಲಕ್ಷ್ಮಣಪ್ಪ ಮಲಗಿದ. ಋಷಿಕೇಶ್ ಎದ್ದು ನಿಂತು ಎರಡೂ ಕೈ ಮೇಲೆತ್ತಿದ. ಕುತ್ತಿಗೆಯ ಪಟ್ಟಿ ಚಹಾದ ಲೋಟಕ್ಕೆ ಬಿತ್ತು.

"ಒಪ್ಕೋತೀನಿ ಸಾರ್" ಎಂದರು ರಾಮಪ್ರಸಾದರು. "ಬೆಳಗ್ಗೆ ಹತ್ತು ಗಂಟೆಗೆ, ತಿಂಡಿ ತಿಂದು, ಎಲ್ಲಾ ಹಾಕ್ಕೊಂಡು ಬಂದ್ರೆ ಯೋಧಂದೇ ಮೇಲ್ಗೈ. ಆ ಟೈಮ್‌ನಲ್ಲೇ ತೊಂದರೆ ಬರುತ್ತೆ ಅಂತ ಏನಿಲ್ಲವಲ್ಲ, ಅದೊಂದೇ."

ಅವರಿಗೆ ಬೇಸರವಾಗಿತ್ತು. ಮನೆಗೆ ಹೋದ ಮೇಲೆ ಕೋಡುಬಳೆಯನ್ನೂ ಮುಟ್ಟಲಿಲ್ಲ. ಆಟ ತಾನೇ ಎಂದು ಅಮ್ಮಣ್ಣಿ ಅಂದಾಗ, "ಅವನ ಟೋಕನ್ ನಂಬರ್ ಹಾಕಿದ್ದೆನಲ್ಲೇ" ಎಂದರು.

ಇದಾಗಿ ಹನ್ನೊಂದು ದಿನಕ್ಕೆ, ಬುಧವಾರ ಮಧ್ಯಾಹ್ನ ಒಂದು ಗಂಟೆಗೆ, ರಾಮಪ್ರಸಾದರು ಔಷಧಿ ತರಲು ಕೆಳಗಿಳಿದಾಗ ಕಾರಂಜಿಯ ಕಟ್ಟೆಯ ಮೇಲೆ ಋಷಿಕೇಶ್ ಕುಳಿತಿದ್ದ. ಕೂರಬಾರದೆಂದು ಬರೆಸಿದ್ದವನೇ ಕುಳಿತದ್ದರಿಂದ ಇವರು ನಿಂತು ನೋಡಿದರು. ಬೂಟು, ಇಸ್ತ್ರಿ ಅಂಗಿ ಎಲ್ಲ ಇತ್ತು. ಕುತ್ತಿಗೆ ಬೋಳಾಗಿತ್ತು.

"ಸಾರ್, ಹುಷಾರಿಲ್ವಾ?"

"ಹನ್ನೊಂದಕ್ಕೆ ಒಂದು ಮೀಟಿಂಗ್ ಹಾಕಿದ್ರು ಸಾರ್" ಎಂದ ಋಷಿಕೇಶ್. ಅಂಕಲ್ ಎನ್ನುವುದನ್ನು ಅವನು ಬಿಟ್ಟದ್ದು ಅವತ್ತು. "ಹದಿನೈದು ನಿಮಿಷದ್ದು. ಮುಗಿಯೋಷ್ಟರಲ್ಲಿ ಲ್ಯಾಪ್‌ಟಾಪ್ ಲಾಕ್ ಆಗ್ಬಿಟ್ಟಿತ್ತು. ಕಾರ್ಡ್ ಇಸ್ಕೊಂಡ್ರು. ಕಾರು ಕಂಪನಿದು, ಕೀನೂ ಇಸ್ಕೊಂಡ್ರು. ಫೋನೂ ಕಂಪನಿದೇ. ಅಲ್ಲಿಂದಲೇ ಮನೆಗೆ ಫೋನ್ ಮಾಡೋಣ ಅಂದ್ರೆ ನನ್ ಹೆಂಡ್ತಿ ನಂಬರ್ ನನಗೆ ಬಾಯಲ್ಲಿ ಬರಲ್ಲ."

ರಾಮಪ್ರಸಾದರು ಪಕ್ಕದಲ್ಲಿ ಕುಳಿತರು. "ಏನಾದ್ರೂ ಸೈನ್ ಮಾಡಿದ್ರಾ?"

"ನಾಳೆ ನಾಲ್ಕು ಗಂಟೆಯೊಳಗೆ ಮಾಡ್ಬೇಕು. ನಾನಾಗೇ ರಾಜೀನಾಮೆ ಕೊಡ್ತಿದೀನಿ ಅಂತ."

"ಅಪಾಯಿಂಟ್‌ಮೆಂಟ್ ಲೆಟರ್ ಓದಿದೀರಾ?"

"ಹದಿನಾಲ್ಕು ವರ್ಷ ಆಯ್ತು ಸಾರ್. ಅವತ್ತೂ ಓದಿಲ್ಲ. ಕೊನೇ ಪುಟದಲ್ಲಿ ಸೈನ್ ಹಾಕಿದ್ದು ಅಷ್ಟೇ."

ಆ ಪತ್ರ ಋಷಿಕೇಶನ ಹೆಂಡತಿಯ ರೇಷ್ಮೆ ಸೀರೆಗಳ ಕೆಳಗೆ ಸಿಕ್ಕಿತು. ರಾಮಪ್ರಸಾದರು ಅದನ್ನೂ, ಅದರ ಹಿಂದೆ ಹೊಲಿದಿದ್ದ ಮೂರು ಅನುಬಂಧಗಳನ್ನೂ ಅಲ್ಲೇ ಅವನ ಊಟದ ಮೇಜಿನ ಮೇಲೆ ಹರವಿಕೊಂಡು ಓದಿದರು. ಎರಡು ಗಂಟೆ ಹಿಡಿಯಿತು. ಮೂರನೆಯ ಅನುಬಂಧದ ನಾಲ್ಕನೆಯ ಪ್ಯಾರಾದಲ್ಲಿ ಬೆರಳಿಟ್ಟರು. ಹತ್ತು ವರ್ಷ ಮೀರಿ ಕೆಲಸ ಮಾಡಿದವರನ್ನು ಬಿಡಿಸುವ ಮೊದಲು, ಕಂಪನಿಯ ಬೇರೆ ಯಾವ ಕಚೇರಿಯಲ್ಲಿ ಖಾಲಿ ಜಾಗವಿದ್ದರೂ ಅರವತ್ತು ದಿನಗಳ ಕಾಲ ಅದನ್ನು ಅವರಿಗೆ ತೋರಿಸತಕ್ಕದ್ದು. ತಾವಾಗಿ ರಾಜೀನಾಮೆ ಕೊಟ್ಟವರಿಗೆ ಇದು ಅನ್ವಯಿಸುವುದಿಲ್ಲ.

"ಅದಕ್ಕೇ ಸೈನ್ ಕೇಳೋದು" ಎಂದರು ರಾಮಪ್ರಸಾದರು. "ನಿಮಗೆ ಗೊತ್ತಿರಲಿಲ್ವಾ?"

ಋಷಿಕೇಶ್ ಮೇಜನ್ನೇ ನೋಡುತ್ತಿದ್ದ. "ಇವತ್ತು ಮೀಟಿಂಗ್‌ನಲ್ಲಿ ನಂಗೆ ಓದಿ ಹೇಳಿದ್ರಲ್ಲ, ಅದೇ ಮಾತುಗಳನ್ನ ಹೋದ್ವರ್ಷ ನಾನೇ ಓದಿದೀನಿ ಸಾರ್. ಕೆಲಸ ಬಿಡಿಸಿದ ಇಪ್ಪತ್ಮೂರು ಜನಕ್ಕೆ. ಒಬ್ಬರೂ ಈ ಪ್ಯಾರಾ ಕೇಳ್ಲಿಲ್ಲ. ನಂಗೂ ಗೊತ್ತಿರಲಿಲ್ಲ."

ರಾಮಪ್ರಸಾದರು ಕನ್ನಡಕ ತೆಗೆದು ಒರೆಸಿದರು. ಎದ್ದು ಹೋಗಬೇಕೆಂದು ಅವರಿಗೆ ಅನ್ನಿಸಿದ್ದು ನಿಜ. ಮೂವತ್ತಮೂರು ವರ್ಷ ಅವರು ಮೇಜಿನ ಈಚೆ ಕುಳಿತವರು, ಈತ ಆಚೆಯವನು. ಒಳಗಿನಿಂದ ಋಷಿಕೇಶನ ಹೆಂಡತಿ ಕಾಫಿ ತಂದಿಟ್ಟಳು. ಇವರಿಗೆ ಓದಲು ದೀಪ ಹಾಕಿದಳು. ಇವರು ಕಾಫಿ ಕುಡಿದು, ಮತ್ತೆ ಕನ್ನಡಕ ಹಾಕಿಕೊಂಡರು.

"ನಾಳೆ ಹೋಗಿ. ವಾದ ಮಾಡ್ಬೇಡಿ. ನೀವು ಏನೇನು ಸಾಧಿಸಿದ್ರಿ ಅಂತ ಹೇಳ್ಬೇಡಿ, ಅದು ಅವರಿಗೆ ಬೇಕಾಗಿಲ್ಲ. ಈ ಪ್ಯಾರಾ ಒಂದೇ ಹೇಳಿ ಸುಮ್ನೆ ಕೂತ್ಕೊಳ್ಳಿ. ನೀರು ಕೊಡ್ತಾರೆ, ಕುಡೀರಿ. ಪೆನ್ನು ಕೊಡ್ತಾರೆ, ಮುಟ್ಬೇಡಿ. ಆಮೇಲೆ ಇನ್ನೊಂದು. ಇದರ ಫೋಟೋ ತೆಗೆದು ಆ ಇಪ್ಪತ್ಮೂರು ಜನಕ್ಕೂ ಕಳಿಸ್ಬೇಕು."

"ಅವರು ನನ್ನ ಬೈತಾರೆ ಸಾರ್."

"ಬೈಲಿ ಬಿಡಿ."

ಮರುದಿನ ರಾಮಪ್ರಸಾದರೂ ಜೊತೆಗೆ ಹೋದರು. ಟೆಕ್ ಪಾರ್ಕಿನ ಗೇಟಿನಲ್ಲಿ ಇವರ ಬಳಿ ಕ್ಯೂಆರ್ ಕೋಡ್ ಇಲ್ಲವೆಂದು ತಡೆದರು. ಋಷಿಕೇಶನ ಬಳಿಯೂ ಇರಲಿಲ್ಲ. ಅವನನ್ನು ವಿಸಿಟರ್ ಎಂದು ಬರೆದುಕೊಂಡು ಕೊರಳಿಗೆ ಕಾಗದದ ಚೀಟಿ ತಗುಲಿಸಿ ಒಳಗೆ ಬಿಟ್ಟರು. ಇವರು ಎದುರಿನ ಎಳನೀರಿನವನ ಕೊಡೆಯ ಕೆಳಗೆ ಕುಳಿತು ಅಮ್ಮಣ್ಣಿ ಕಟ್ಟಿಕೊಟ್ಟ ಚಿತ್ರಾನ್ನ ತಿಂದರು.

ಒಳಗೆ ನಡೆದದ್ದನ್ನು ಋಷಿಕೇಶ್ ಆಮೇಲೆ ಬಹಳ ಸಲ ಹೇಳಿದ್ದಾನೆ. ಜೀವಮಾನದಲ್ಲಿ ಅರ್ಧ ನಿಮಿಷಕ್ಕಿಂತ ಹೆಚ್ಚು ಬಾಯಿ ಮುಚ್ಚಿ ಗೊತ್ತಿಲ್ಲದವನು ಐವತ್ತು ನಿಮಿಷ ಕುಳಿತಿದ್ದ. ಎಚ್‌ಆರ್ ಹೆಂಗಸು ಮೂರು ಸಲ ನೀರು ತರಿಸಿದಳು. ಮೊದಲು ಸಹಾನುಭೂತಿ ತೋರಿಸಿದಳು, ಆಮೇಲೆ ಗಡಿಯಾರ ತೋರಿಸಿದಳು, ಆಮೇಲೆ ಲೀಗಲ್ ವಿಭಾಗದ ಒಬ್ಬ ಸಣಕಲು ಆಸಾಮಿಯನ್ನು ಕರೆಸಿದಳು. ಅವನು ಅನುಬಂಧ ನೋಡಿ, "ಇದು ಇನ್ನೂ ಇದೆಯಾ?" ಎಂದು ಅವಳನ್ನೇ ಕೇಳಿದನಂತೆ. ಋಷಿಕೇಶನಿಗೆ ಒಳಗೊಳಗೆ ಅಳು ಬರುತ್ತಿತ್ತು. ಮೂರು ಲೋಟ ನೀರಿನ ದೆಸೆಯಿಂದ ಟಾಯ್ಲೆಟ್ಟಿಗೆ ಹೋಗಬೇಕೆಂಬ ಬೇರೆಯದೇ ಬೇಡಿಕೆಯೂ ಎದ್ದಿತ್ತು. ಆದರೂ ಏಳಲಿಲ್ಲ.

ಎಂಟು ದಿನಕ್ಕೆ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಯಲ್ಲಿ ಒಂದು ಜಾಗ ತೋರಿಸಿದರು. ಕೈಕೆಳಗೆ ನಾಲ್ಕು ಜನ, ಕ್ಯಾಬಿನ್ ಇಲ್ಲ, ಕಾರಿಲ್ಲ. ಹೂಡಿಯಿಂದ ಹೋಗಲು ಎರಡು ಗಂಟೆ, ಬರಲು ಎರಡೂವರೆ. ಋಷಿಕೇಶ್ ಒಪ್ಪಿಕೊಂಡ. ಇಪ್ಪತ್ಮೂರು ಜನಕ್ಕೆ ಕಳಿಸುವ ಮಾತನ್ನು ಐದು ದಿನ ಮುಂದೂಡಿ, ಒಂದು ದಿನ ಸಿಲ್ಕ್ ಬೋರ್ಡಿನ ಹತ್ತಿರ ಬಸ್ಸು ನಿಂತಿದ್ದಾಗ ಕಳಿಸಿದ. ನಾಲ್ವರು ಥ್ಯಾಂಕ್ಸ್ ಎಂದರು. ಒಬ್ಬ, ಯಾರಿದು ಎಂದು ಕೇಳಿದ. ಒಬ್ಬಳು ಉದ್ದವಾಗಿ, ಅಚ್ಚ ಕನ್ನಡದಲ್ಲಿ ಬೈದಿದ್ದಳು. ಅದನ್ನು ಅವನು ರಾಮಪ್ರಸಾದರಿಗೆ ತೋರಿಸಿದ. ಅವರು ಪೂರ್ತಿ ಓದಿ, "ಕಾಗುಣಿತ ಸರಿಯಾಗಿದೆ" ಎಂದು ಫೋನು ವಾಪಸು ಕೊಟ್ಟರು. ಸೈನ್ ಹಾಕದೆ ಇನ್ನೂ ತಕರಾರು ನಡೆಸುತ್ತಿದ್ದ ಇಬ್ಬರಿಗೆ ಅದರಿಂದ ಪ್ರಯೋಜನವಾಯಿತೆಂದು ಆಮೇಲೆ ತಿಳಿಯಿತು. ಉಳಿದವರಿಗೆ ಕಾಲ ಮಿಂಚಿತ್ತು.

ಶನಿವಾರದ ಆಟ ನಿಂತಿಲ್ಲ. ಒಂದೇ ಏಟಿನ ಸನ್ಯಾಸಿಯಾಗಿ ಲಕ್ಷ್ಮಣಪ್ಪನನ್ನು ಶ್ರೀರಂಜನಿ ಬದುಕಿಸಿದ್ದಾಳೆ. ಋಷಿಕೇಶ್ ಬಸ್ಸಿನ ಆಯಾಸಕ್ಕೆ ಆಟದ ನಡುವೆಯೇ ತೂಕಡಿಸುತ್ತಾನೆ. ಯೋಧನ ದಾಳವನ್ನು ಒಮ್ಮೊಮ್ಮೆ ಅಮ್ಮಣ್ಣಿಯೇ ಉರುಳಿಸುತ್ತಾರೆ, ಅವರ ಕೈಗೆ ಒಳ್ಳೆಯ ಅಂಕ ಬೀಳುತ್ತದೆ.

ಹೊಸದಾಗಿ ಶುರುವಾದದ್ದು ಗುರುವಾರ. ಸಂಜೆ ನಾಲ್ಕರಿಂದ ಆರು ರಾಮಪ್ರಸಾದರು ಕ್ಲಬ್‌ಹೌಸಿನಲ್ಲಿ ಕುಳಿತಿರುತ್ತಾರೆ. ಕೆಲಸದ ಪತ್ರ ಇರುವವರು ತಂದು ಓದಿಸಿಕೊಳ್ಳಬಹುದು. ಮೊದಲು ಬಂದದ್ದು ಟೆಕ್ಕಿಗಳಲ್ಲ, ಗೇಟಿನ ಕಾವಲುಗಾರ ಹಣಮಂತ. ಬಾಗಲಕೋಟೆ ಕಡೆಯವನು, ಮೂರು ವರ್ಷದಿಂದ ಒಂದು ದಿನ ರಜೆ ಇಲ್ಲದೆ ನಿಂತವನು. ಏಜೆನ್ಸಿ ಕೊಟ್ಟ ಇಂಗ್ಲಿಷ್ ಕಾಗದವನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದ.

"ಸಾಹೇಬ್ರ, ಇದರಾಗ ಏನ್ ಬರದಾರ ನೋಡ್ರಿ. ಸೈನ್ ಮಾಡಂದ್ರು, ಮಾಡೀನ್ರಿ."

"ವಾರಕ್ಕೊಂದು ರಜ ಅಂತ ಬರೆದಿದಾರಪ್ಪ."

"ಯಾರಿಗ್ರಿ?"

"ನಿಂಗೇ."

ಹಣಮಂತ ಕಾಗದವನ್ನು ಮತ್ತೆ ಚೀಲಕ್ಕೆ ಸೇರಿಸಿ, "ಹಂಗಾದ್ರ ಭಾನುವಾರ ಮಲಗಿಬಿಡ್ತೀನ್ರಿ" ಎಂದ.

ಆ ಭಾನುವಾರ ಗೇಟಿಗೆ ಬೇರೆ ಕಾವಲುಗಾರ ಬಂದ. ಹಾಲು ತರಲು ಹೊರಗೆ ಹೋಗಿದ್ದ ಸಂಘದ ಕಾರ್ಯದರ್ಶಿ ಋಷಿಕೇಶನನ್ನು ಅವನು ಗುರುತು ಹಿಡಿಯದೆ, ಯಾರ ಮನೆಗೆ ಹೋಗಬೇಕು ಎಂದು ಕೇಳಿ, ಏಳು ನಿಮಿಷ ನಿಲ್ಲಿಸಿದ.